ದೊಡ್ಡ ಸಂಖ್ಯೆಯೊಂದನ್ನು ಬಿಡಿಸುವುದು ಹೇಗೆ? 4294967297 ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಹತ್ತಂಕಿಯ ಸಂಖ್ಯೆಯೊಂದನ್ನು ಮುಂದಿಟ್ಟು "ಇದರ ಬಗ್ಗೆ ಏನು ಹೇಳ್ತೀರಿ?" ಎಂದರೆ ಹೆಚ್ಚಿನವರು 2, 3, 5, 7 ಎಂದು ಭಾಗಿಸಲು ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಅದೊಂದೇ ದಾರಿ ಹಿಡಿದರೆ ಬೇಗ ಸುಸ್ತಾಗುತ್ತದೆ. 4294967297 ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು ಅದರ ವರ್ಗಮೂಲದವರೆಗೆ, ಅಂದರೆ 65536ರವರೆಗೆ ಇರುವ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅಂಥವು 6542 ಇವೆ. ಕಾಗದದ ಮೇಲೆ ಇದು ಆಗುಹೋಗುವ ಕೆಲಸವಲ್ಲ.

ಆದರೂ ಕೊನೆಗೆ ಈ ಸಂಖ್ಯೆಯನ್ನು ಬಿಡಿಸಿದ್ದು, ಅಂದರೆ ಅಪವರ್ತನಗಳಾಗಿ ಒಡೆದದ್ದು, ಕಾಗದದ ಮೇಲೇ. ಅದೂ 1732ರಲ್ಲಿ. ಸಂಖ್ಯೆಯ ಗಾತ್ರ ಬಿಟ್ಟು ಅದರ ಆಕಾರ ನೋಡಿದ್ದರಿಂದ ಇದು ಸಾಧ್ಯವಾಯಿತು. ಈ ಬರಹದಲ್ಲಿ ಅದೇ ಸಂಖ್ಯೆಯನ್ನು ಹಂತ ಹಂತವಾಗಿ ಬಿಡಿಸೋಣ. ಜೊತೆಗೆ ಇನ್ನೊಂದು ಸಂಖ್ಯೆಯೂ ಇರಲಿ: 12345654321. ಇದು ನಮ್ಮ ನೆಲದ್ದು. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರದ ಲೆಕ್ಕವೊಂದಕ್ಕೆ ಬರುವ ಉತ್ತರ ಇದು. 27994681 × 441 ಮಾಡಿ ನೋಡಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಹಾರದಂಥ ಗುಣಲಬ್ಧಗಳೆಂದರೆ ಅವರಿಗೆ ಬಲು ಇಷ್ಟ ಎಂದು ಕಾಣುತ್ತದೆ. 152207 × 73 = 11111111 ಎಂಬುದೂ ಅವರದೇ.

ಬೇಕಾಗುವುದು ಪೆನ್ನು, ಕಾಗದ, ಗುಣಾಕಾರ ಭಾಗಾಕಾರದ ಅಭ್ಯಾಸ. ಕೆಲವು ಕಡೆ ಕಂಪ್ಯೂಟರ್ ಇದ್ದರೆ ಒಳ್ಳೆಯದು.

ಮೊದಲು ಉಪಕರಣದ ಬಗ್ಗೆ ಒಂದು ಎಚ್ಚರಿಕೆ

ಎಕ್ಸೆಲ್‌ನಲ್ಲಿ ಈ ಕೆಲಸ ಮಾಡಬೇಡಿ. ಅದು 15 ಅಂಕಿಗಳವರೆಗೆ ಮಾತ್ರ ನಿಖರ. ಅದಕ್ಕಿಂತ ಉದ್ದದ ಸಂಖ್ಯೆ ಹಾಕಿದರೆ ಕೊನೆಯ ಅಂಕಿಗಳನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. ಇಂಥ ಲೆಕ್ಕದಲ್ಲಿ ಕೊನೆಯ ಅಂಕಿ ಹೋದರೆ ಎಲ್ಲವೂ ಹೋದ ಹಾಗೆ. ಪೈಥಾನ್‌ನಲ್ಲಿ ಪೂರ್ಣಾಂಕಗಳಿಗೆ ಇಂಥ ಮಿತಿ ಇಲ್ಲ. ಆದರೆ ಅಲ್ಲೂ ಸಾಮಾನ್ಯ ವರ್ಗಮೂಲದ ಫಂಕ್ಷನ್ ದಶಮಾಂಶದಲ್ಲಿ ಲೆಕ್ಕ ಹಾಕುತ್ತದೆ, ದೊಡ್ಡ ಸಂಖ್ಯೆಗೆ ಅದನ್ನು ನಂಬುವಂತಿಲ್ಲ. ಪೂರ್ಣಾಂಕ ವರ್ಗಮೂಲದ ಫಂಕ್ಷನ್ ಬೇರೆ ಇದೆ, ಅದನ್ನು ಬಳಸಿ. ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ಫ್ಯಾಕ್ಟರ್ ಎಂಬ ಕಮಾಂಡ್ ಸಿಗುತ್ತದೆ. ಗಂಭೀರವಾಗಿ ಇಳಿಯುವವರಿಗೆ ಪಾರಿ ಜಿಪಿ ಎಂಬ ಗಣಿತದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನನ್ನ ಸಲಹೆ ಕೇಳಿದರೆ, ಮೊದಲ ಸಲ ಕೈಯಲ್ಲೇ ಮಾಡಿ. ಕಂಪ್ಯೂಟರ್ ಉತ್ತರ ಕೊಡುತ್ತದೆ, ಯಾಕೆ ಎಂದು ಹೇಳುವುದಿಲ್ಲ.

ಹಂತ 1: ಸಣ್ಣ ಜರಡಿ

ಕೊನೆಯ ಅಂಕಿ 7. ಹಾಗಾಗಿ 2, 5 ಎರಡೂ ಹೋದವು. ಅಂಕಿಗಳ ಮೊತ್ತ 4+2+9+4+9+6+7+2+9+7 = 59. ಇದು 3ರಿಂದ ಭಾಗವಾಗದು. 9ರಿಂದ ಭಾಗಿಸಿದರೆ ಶೇಷ 5. ಈ 5ನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

7, 11, 13 ಈ ಮೂರಕ್ಕೂ ಬೇರೆ ಬೇರೆ ಭಾಗಾಕಾರ ಬೇಡ. 7 × 11 × 13 = 1001 ಅಲ್ವಾ? ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಬಿಟ್ಟು ಒಂದಕ್ಕೆ ಕಳೆಯುವ ಚಿಹ್ನೆ ಹಾಕಿ. 297 − 967 + 294 − 4 = −380. ಈ 380 ಮೂರರಲ್ಲಿ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಮೂರೂ ಒಂದೇ ಏಟಿಗೆ ಹೋದವು.

ಅದೇ ಗುಂಪುಗಳನ್ನು ಸುಮ್ನೆ ಕೂಡಿದರೆ 37ರ ಪರೀಕ್ಷೆ ಸಿಗುತ್ತದೆ. ಯಾಕೆಂದರೆ 999 = 27 × 37. ಇಲ್ಲಿ 297 + 967 + 294 + 4 = 1562. 37ರಿಂದ ಭಾಗಿಸಿದರೆ ಶೇಷ 8. ಇದೂ ಇಲ್ಲ.

ಈಗ 12345654321ಕ್ಕೆ ಅದನ್ನೇ ಮಾಡಿ. ಅಂಕಿಗಳ ಮೊತ್ತ 36, ಹಾಗಾಗಿ 9ರಿಂದ ಭಾಗವಾಗುತ್ತದೆ. ಗುಂಪುಗಳು: 321 − 654 + 345 − 12 = 0. ಸೊನ್ನೆ ಬಂತು! ಅಂದರೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಕೂಡಿದರೆ 1332, ಅದು 36 × 37. ಹೀಗೆ ಎರಡು ಸಾಲಿನ ಕೂಡು-ಕಳೆಯಲ್ಲೇ 3, 7, 11, 13, 37 ಹೊರಗೆ ಬಿದ್ದವು. ಇವನ್ನು ಗುಣಿಸಿದರೆ 111111. ಅದರ ವರ್ಗವೇ ನಮ್ಮ ಸಂಖ್ಯೆ. 12345654321 = 3² × 7² × 11² × 13² × 37², ಕೆಲಸ ಮುಗಿಯಿತು. ಎಲ್ಲ ಸಂಖ್ಯೆಗಳೂ ಇಷ್ಟು ಮೃದುವಾಗಿರುವುದಿಲ್ಲ.

ಹಂತ 2: ಇದು ಯಾವುದಾದರೂ ಪೂರ್ಣಘಾತವೇ?

ಪೂರ್ಣವರ್ಗಗಳು 2, 3, 7, 8ರಲ್ಲಿ ಕೊನೆಯಾಗುವುದಿಲ್ಲ. ನಮ್ಮದು 7ರಲ್ಲಿ ಕೊನೆಯಾಗುತ್ತದೆ, ಹಾಗಾಗಿ ವರ್ಗವಲ್ಲ. ಪೂರ್ಣಘನವನ್ನು 9ರಿಂದ ಭಾಗಿಸಿದರೆ ಶೇಷ 0, 1, 8 ಮಾತ್ರ ಬರಬಹುದು. ನಮ್ಮದು 5, ಹಾಗಾಗಿ ಘನವೂ ಅಲ್ಲ.

ಅಂಕಿಗಳ ಎಣಿಕೆ ಮತ್ತು ಕೊನೆಯ ಅಂಕಿ ಎಷ್ಟು ಸುಳಿವು ಕೊಡುತ್ತವೆ ಎಂಬುದಕ್ಕೆ ಬೆಂಗಳೂರಿನ ಶಕುಂತಲಾ ದೇವಿಯವರ 1977ರ ಲೆಕ್ಕ ನೋಡಿ. 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು ಅವರು ಮನಸ್ಸಿನಲ್ಲೇ ಕಂಡುಹಿಡಿದರು. ಉತ್ತರ 546372891. ಅವರ ವೇಗ ನಮಗೆ ಬರುವುದಿಲ್ಲ ಬಿಡಿ. ಆದರೆ ಎರಡು ವಿಷಯ ನಾವೂ ತಕ್ಷಣ ಹೇಳಬಹುದು. 201ನ್ನು 23ರಿಂದ ಭಾಗಿಸಿದರೆ ಎಂಟು ಚಿಲ್ಲರೆ, ಹಾಗಾಗಿ ಉತ್ತರಕ್ಕೆ ಒಂಬತ್ತು ಅಂಕಿ. ಇನ್ನು ಕೊನೆಯ ಅಂಕಿ: ಘಾತ ಏರಿಸುತ್ತ ಹೋದರೆ ಕೊನೆಯ ಅಂಕಿ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. 23ನ್ನು 4ರಿಂದ ಭಾಗಿಸಿದರೆ ಶೇಷ 3. ಹಾಗಾಗಿ 23ನೇ ಘಾತದ ಕೊನೆಯ ಅಂಕಿ ಘನದ ಕೊನೆಯ ಅಂಕಿಯೇ. ಕೊಟ್ಟ ಸಂಖ್ಯೆ 1ರಲ್ಲಿ ಕೊನೆಯಾಗಿತ್ತು, ಉತ್ತರವೂ 1ರಲ್ಲೇ ಕೊನೆಯಾಗಬೇಕು. ಉಳಿದ ಎಂಟು ಅಂಕಿಗಳು ಅವರ ಪ್ರತಿಭೆ.

ಹಂತ 3: ಆಕಾರ ಹುಡುಕಿ

ಇಡೀ ಕೆಲಸದ ಜೀವ ಇಲ್ಲಿದೆ. ಸಂಖ್ಯೆಯ ಅಕ್ಕಪಕ್ಕ ನೋಡಿ. ಅದಕ್ಕಿಂತ ಒಂದು ಕಡಿಮೆ, ಒಂದು ಜಾಸ್ತಿ ಯಾವುದು? ಅದರಲ್ಲಿ ಯಾವುದಾದರೂ ಪರಿಚಿತ ಮುಖ ಇದೆಯೇ?

ಪ್ರೋಗ್ರಾಮಿಂಗ್ ಮಾಡಿದವರು 4294967296ನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಅದು 2³². ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಇರುವುದೇ ಅಷ್ಟು. ಹಾಗಾಗಿ ನಮ್ಮ ಸಂಖ್ಯೆ 2³² + 1.

ಈ ಆಕಾರಕ್ಕೆ ಇತಿಹಾಸ ಇದೆ. 2ರ ಘಾತಕ್ಕೆ 1 ಕೂಡಿಸಿ ಅವಿಭಾಜ್ಯ ಬೇಕು ಎಂದರೆ ಆ ಘಾತಸೂಚಿ ತಾನೇ 2ರ ಘಾತವಾಗಿರಬೇಕು. ಅದರಲ್ಲಿ ಬೆಸ ಅಪವರ್ತನ ಇದ್ದರೆ ಬೀಜಗಣಿತವೇ ಅದನ್ನು ಒಡೆದುಬಿಡುತ್ತದೆ. ಉದಾಹರಣೆಗೆ 2¹² + 1 ಎಂದರೆ 16ರ ಘನಕ್ಕೆ 1 ಸೇರಿಸಿದ್ದು, ಅದು 17ರಿಂದ ಭಾಗವಾಗಲೇಬೇಕು: 4097 = 17 × 241. ಉಳಿದದ್ದು ಘಾತಸೂಚಿ 1, 2, 4, 8, 16 ಇರುವವು: 3, 5, 17, 257, 65537. ಐದೂ ಅವಿಭಾಜ್ಯ. ಇದನ್ನು ಕಂಡ ಫ್ರಾನ್ಸ್‌ನ ಪಿಯೆರ್ ದ ಫರ್ಮಾ 1640ರಲ್ಲಿ, ಈ ಸಾಲಿನ ಎಲ್ಲವೂ ಅವಿಭಾಜ್ಯವೇ ಎಂದು ನಂಬಿದರು. ಸಾಲಿನ ಮುಂದಿನದೇ ನಮ್ಮ ಸಂಖ್ಯೆ. 1729ರ ಕೊನೆಯಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಪತ್ರ ಬರೆದು ಈ ಪ್ರಶ್ನೆಯತ್ತ ಇನ್ನೊಬ್ಬ ಗಣಿತಜ್ಞ ಲಿಯೊನ್‌ಹಾರ್ಡ್ ಆಯ್ಲರ್ ಅವರ ಗಮನ ಸೆಳೆದರು. 1732ರಲ್ಲಿ, 25ರ ವಯಸ್ಸಿನಲ್ಲಿ, ಆಯ್ಲರ್ ಅದನ್ನು ಒಡೆದರು.

ಹೇಗೆ ಒಡೆಯಬಹುದು ಎಂಬುದನ್ನು ನಿಧಾನವಾಗಿ ಓದಿ. ಪ ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. 2, 4, 8, 16 ಎಂದು ದ್ವಿಗುಣ ಮಾಡುತ್ತ ಪ್ರತಿ ಸಲ ಪ-ದಿಂದ ಭಾಗಿಸಿ ಶೇಷ ಬರೆಯುತ್ತ ಹೋದರೆ, ಶೇಷಗಳು ಒಂದು ಸುತ್ತು ಹೊಡೆದು 1ಕ್ಕೆ ಬರುತ್ತವೆ. 2³² + 1 ಭಾಗವಾಗುತ್ತದೆ ಎಂದರೆ 2³²ರ ಶೇಷ −1, ಅಂದರೆ ಅದು ಪ-ದ ಗುಣಕಕ್ಕಿಂತ ಒಂದು ಕಡಿಮೆ. ವರ್ಗ ಮಾಡಿದರೆ 2⁶⁴ರ ಶೇಷ 1. ಹಾಗಾಗಿ ಸುತ್ತಿನ ಉದ್ದ 64ನ್ನು ಭಾಗಿಸಬೇಕು. ಆದರೆ 32ನ್ನು ಭಾಗಿಸುವಂತಿಲ್ಲ, ಭಾಗಿಸಿದರೆ 2³²ರ ಶೇಷ −1 ಬದಲು 1 ಆಗಬೇಕಿತ್ತು. 64ನ್ನು ಭಾಗಿಸಿ 32ನ್ನು ಭಾಗಿಸದ ಸಂಖ್ಯೆ ಒಂದೇ: 64.

ಇನ್ನು ಫರ್ಮಾ ಅವರದೇ ಕಿರು ಪ್ರಮೇಯ ಇದೆ: 2ರ ಪ−1 ನೇ ಘಾತದ ಶೇಷ 1. ಹಾಗಾಗಿ ಸುತ್ತಿನ ಉದ್ದ ಪ−1ನ್ನು ಭಾಗಿಸಲೇಬೇಕು. ಅಂದರೆ ಪ ಯಾವಾಗಲೂ 64ರ ಗುಣಕಕ್ಕಿಂತ ಒಂದು ಜಾಸ್ತಿ.

ಈಗ ಪಟ್ಟಿ ಮಾಡಿ: 65, 129, 193, 257, 321, 385, 449, 513, 577, 641... ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641. ಆರು ಸಾವಿರ ಚಿಲ್ಲರೆ ಭಾಗಾಕಾರ ಎಲ್ಲಿ, ಬೆರಳೆಣಿಕೆಯ ಇವು ಎಲ್ಲಿ!

ಹಂತ 4: ಭಾಗಿಸದೆ ಭಾಗಿಸುವುದು

ಹತ್ತಂಕಿಯ ಸಂಖ್ಯೆಯನ್ನು ನೇರವಾಗಿ ಭಾಗಿಸಬೇಕಾಗಿಲ್ಲ. ಶೇಷಗಳನ್ನೇ ವರ್ಗ ಮಾಡುತ್ತ ಹೋಗಿ. 2⁸ = 256ರಿಂದ ಶುರು ಮಾಡಿ ಎರಡು ಸಲ ವರ್ಗ ಮಾಡಿದರೆ 2³².

193: 256ರ ಶೇಷ 63. 63² = 3969, ಶೇಷ 109. 109² = 11881, ಶೇಷ 108. ಒಂದು ಕೂಡಿಸಿದರೆ 109. ಸೊನ್ನೆ ಬರಲಿಲ್ಲ.

257: 256 ಎಂದರೆ −1. ವರ್ಗ 1, ಮತ್ತೆ ವರ್ಗ 1. ಒಂದು ಕೂಡಿಸಿದರೆ 2. ಇಲ್ಲ.

449: 65536ರ ಶೇಷ 431, ಅಂದರೆ −18. ವರ್ಗ 324. ಕೂಡಿಸಿದರೆ 325. ಇಲ್ಲ.

577: 65536ರ ಶೇಷ 335. ಅದರ ವರ್ಗ 112225, ಶೇಷ 287. ಕೂಡಿಸಿದರೆ 288. ಇಲ್ಲ.

641: 65536ರ ಶೇಷ 154. 154² = 23716. ಮತ್ತು 641 × 37 = 23717. ಶೇಷ −1! ಒಂದು ಕೂಡಿಸಿದರೆ ಸೊನ್ನೆ.

4294967297 = 641 × 6700417. ಫರ್ಮಾ ಅವರ ನಂಬಿಕೆ ಇಲ್ಲಿಗೆ ಮುರಿದು ಬಿತ್ತು. ಅದನ್ನು ಮುರಿಯಲು ಬಳಕೆಯಾದದ್ದು ಅವರದೇ ಪ್ರಮೇಯ. ಅವರಂಥವರು ಈ ಐದು ಸಾಲಿನ ಲೆಕ್ಕವನ್ನು ಯಾಕೆ ಮಾಡಿ ನೋಡಲಿಲ್ಲ ಎಂದು ನನಗೆ ಈಗಲೂ ಸೋಜಿಗ.

1878ರಲ್ಲಿ ಗಣಿತಜ್ಞ ಎದುವಾರ್ ಲ್ಯುಕಾ ಈ ಜರಡಿಯನ್ನು ಇನ್ನೂ ಬಿಗಿ ಮಾಡಿದರು. ಅವರ ಪ್ರಕಾರ ಪ 128ರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು. ಆಗ 129, 257, 385, 513, 641ರಲ್ಲಿ ಅವಿಭಾಜ್ಯಗಳು ಎರಡೇ. ಎರಡನೆಯ ಪ್ರಯತ್ನಕ್ಕೇ ಉತ್ತರ.

ಹಂತ 5: ಉಳಿದ ತುಂಡು ಅವಿಭಾಜ್ಯವೇ?

ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಒಂದು ಅಪವರ್ತನ ಸಿಕ್ಕಿತು, ಮುಗಿಯಿತು ಎಂದುಕೊಳ್ಳುತ್ತಾರೆ. 6700417 ಇನ್ನೂ ಒಡೆಯಬಹುದಲ್ಲ?

ಅದರ ವರ್ಗಮೂಲ ಸುಮಾರು 2588. ಅಲ್ಲಿಯವರೆಗೆ ಮುನ್ನೂರಕ್ಕೂ ಜಾಸ್ತಿ ಅವಿಭಾಜ್ಯಗಳಿವೆ. ಆದರೆ ಈ ತುಂಡಿನ ಅಪವರ್ತನವೂ ಮೂಲ ಸಂಖ್ಯೆಯ ಅಪವರ್ತನವೇ. ಹಾಗಾಗಿ ಲ್ಯುಕಾ ನಿಯಮ ಇದಕ್ಕೂ ಅನ್ವಯ. 2588ರ ಒಳಗೆ ಆ ಆಕಾರದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257 ಆಗಲೇ ಹೋಯಿತು. ಉಳಿದ ನಾಲ್ಕರಿಂದ 6700417ನ್ನು ಭಾಗಿಸಿದರೆ ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆ ಅಲ್ಲ. 6700417 ಅವಿಭಾಜ್ಯ ಎಂದು ನಾಲ್ಕು ಭಾಗಾಕಾರದಲ್ಲಿ ಸಾಬೀತಾಯಿತು.

ಗುಣಾಕಾರ ಸರಿಯೇ ಎಂದೂ ತಾಳೆ ನೋಡಿ. ಅಂಕಿ ಮೊತ್ತದ ಶೇಷಗಳು: 641ಕ್ಕೆ 2, 6700417ಕ್ಕೆ 7. ಗುಣಿಸಿದರೆ 14, ಅಂದರೆ 5. ಮೊದಲ ಹಂತದಲ್ಲಿ ಬರೆದಿಟ್ಟ 5 ಇದೇ. ಮೂರಂಕಿ ಗುಂಪಿನ ತಾಳೆ ಇನ್ನೂ ಗಟ್ಟಿ: 417 − 700 + 6 = −277. 641 × 277 = 177557. ಗುಂಪು ಮಾಡಿದರೆ 557 − 177 = 380. ಚಿಹ್ನೆ ಸೇರಿಸಿದರೆ −380. ಅದೂ ಹೊಂದಿತು.

ಹಂತ 6: ಆಕಾರ ಸಿಗದಿದ್ದರೆ

ಎಲ್ಲ ಸಂಖ್ಯೆಗಳಿಗೂ ಇಂಥ ಚೆಂದದ ಆಕಾರ ಇರುವುದಿಲ್ಲ. ಆಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಅವಿಭಾಜ್ಯವೇ ಎಂಬುದು ಒಂದು. ಅಲ್ಲದಿದ್ದರೆ ಅಪವರ್ತನಗಳು ಯಾವುವು ಎಂಬುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ಕಷ್ಟ.

ಮೊದಲನೆಯದಕ್ಕೆ ಫರ್ಮಾ ಪರೀಕ್ಷೆ ಇದೆ. ನ ಎಂಬ ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದರಿಂದ ಭಾಗವಾಗದ ಯಾವ ಆಧಾರ ತೆಗೆದುಕೊಂಡರೂ ಅದರ ನ−1 ನೇ ಘಾತದ ಶೇಷ 1 ಬರಬೇಕು. ಬರದಿದ್ದರೆ ಸಂಯುಕ್ತ ಸಂಖ್ಯೆ, ಸಂಶಯವೇ ಬೇಡ. ಬಂದರೆ? ಅಲ್ಲಿ ಹುಷಾರಾಗಿರಬೇಕು. ನಮ್ಮ ಸಂಖ್ಯೆಯನ್ನೇ ನೋಡಿ. ಆಧಾರ 2 ಆಗಿದ್ದರೆ 2⁶⁴ಕ್ಕೆ ಶೇಷ 1. ನ−1 ಎಂದರೆ 2³², ಅದು 64ರ ಗುಣಕ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಸಂಯುಕ್ತವಾಗಿದ್ದೂ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ! ಆಧಾರ 3 ತೆಗೆದುಕೊಂಡು 32 ಸಲ ವರ್ಗ ಮಾಡಿದರೆ ಶೇಷ 3029026160. ಅಲ್ಲಿಗೆ ಬಣ್ಣ ಬಯಲು. ಒಂದು ಅಪವರ್ತನವೂ ಗೊತ್ತಿಲ್ಲದೆ ಸಂಯುಕ್ತ ಎಂದು ತಿಳಿಯಿತು.

561 ಇನ್ನೂ ಕಿಲಾಡಿ. ಅದು 3 × 11 × 17. ಆದರೂ ಅದರೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ ಎಲ್ಲ ಆಧಾರಗಳಿಗೂ ಪಾಸಾಗುತ್ತದೆ. ಅದಕ್ಕೇ ಈಗ ಇದನ್ನೇ ಬಿಗಿ ಮಾಡಿದ ಮಿಲ್ಲರ್–ರಾಬಿನ್ ಪರೀಕ್ಷೆ ಬಳಸುತ್ತಾರೆ. 2⁶⁴ರ ಒಳಗಿನ ಸಂಖ್ಯೆಗಳಿಗೆ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರ ಮಾಡಿಕೊಂಡರೆ ಅದರ ಉತ್ತರ ಖಚಿತ. ಯಾವ ಗಾತ್ರಕ್ಕೂ, ಅದೃಷ್ಟದ ಮಾತಿಲ್ಲದೆ, ಬಹುಪದ ಸಮಯದಲ್ಲಿ (ಅಂಕಿಗಳು ಹೆಚ್ಚಿದರೂ ಸಮಯ ಮಿತಿಮೀರಿ ಬೆಳೆಯದ ಹಾಗೆ) ತೀರ್ಮಾನಿಸುವ ವಿಧಾನ 2002ರಲ್ಲಿ ಐಐಟಿ ಕಾನ್ಪುರದಿಂದ ಬಂತು. ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದರ ಕರ್ತೃಗಳು. ದಿನನಿತ್ಯದ ಬಳಕೆಗೆ ಮಾತ್ರ ಮಿಲ್ಲರ್–ರಾಬಿನ್ನೇ ವೇಗ.

ಎರಡನೆಯ ಪ್ರಶ್ನೆ, ಅಪವರ್ತನ. ಹತ್ತು ಲಕ್ಷದವರೆಗಿನ ಅವಿಭಾಜ್ಯಗಳಿಂದ ಮೊದಲು ಭಾಗಿಸಿ ನೋಡಿ. ಆಮೇಲೆ ಪೊಲಾರ್ಡ್ ಅವರ ರೋ ವಿಧಾನ, ಅದೂ ಸೋತರೆ ಎಲಿಪ್ಟಿಕ್ ಕರ್ವ್ ವಿಧಾನ. ಫರ್ಮಾ ಸಾಲಿನ ಮುಂದಿನ ಸಂಖ್ಯೆಗಳ ಕಥೆ ನೋಡಿದರೆ ಕಷ್ಟ ಎಷ್ಟೆಂದು ತಿಳಿಯುತ್ತದೆ. 2⁶⁴ + 1ನ್ನು 1880ರಲ್ಲಿ ಲಾಂಡ್ರಿ ಒಡೆದರು: 274177 × 67280421310721. ಅದರ ಮುಂದಿನದಕ್ಕೆ 1970ರವರೆಗೆ ಕಾಯಬೇಕಾಯಿತು, ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಕಂಪ್ಯೂಟರ್ ಬಳಸಿ ಒಡೆದರು. 2²⁵⁶ + 1 ಒಡೆದದ್ದು 1980ರಲ್ಲಿ, ರೋ ವಿಧಾನದಿಂದ. ಆಕಾರವೇ ಇಲ್ಲದ ಸಂಖ್ಯೆಗಳ ಗತಿ ಇನ್ನೂ ಕಷ್ಟ. ಬ್ಯಾಂಕಿಂಗ್ ಭದ್ರತೆಯಲ್ಲಿ ಬಳಸುವ ಆರ್‌ಎಸ್‌ಎ ಕೀಲಿಗಳು ನಮ್ಮದರ ಹಾಗೆ ಎರಡೇ ಅವಿಭಾಜ್ಯಗಳ ಗುಣಲಬ್ಧ. ಆದರೆ ಬೇಕೆಂದೇ ಯಾವ ಆಕಾರವೂ ಸಿಗದ ಹಾಗೆ ಆರಿಸಿರುತ್ತಾರೆ. ಅಂಥ 250 ಅಂಕಿಗಳ ಸಂಖ್ಯೆಯೊಂದು 2020ರಲ್ಲಿ ಒಡೆಯಿತು. ಈಗ ರೂಢಿಯಲ್ಲಿರುವ 2048 ಬಿಟ್ ಕೀಲಿಗೆ 617 ಅಂಕಿ.

ಹಂತ 7: ಅಪವರ್ತನ ಸಿಕ್ಕ ಮೇಲೆ

ಈಗ ಉಳಿದ ಗುಣಗಳು ತಾವಾಗಿ ಬರುತ್ತವೆ. 4294967297ಕ್ಕೆ ಭಾಜಕಗಳು ನಾಲ್ಕು: 1, 641, 6700417 ಮತ್ತು ತಾನು. ಒಟ್ಟು ಮೊತ್ತ 642 × 6700418 = 4301668356. ತನ್ನನ್ನು ಬಿಟ್ಟರೆ 6701059 ಮಾತ್ರ. ಅದರೊಂದಿಗೆ ಸಾಮಾನ್ಯ ಅಪವರ್ತನ ಇಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 640 × 6700416 = 4288266240. ನಿಜ ಹೇಳಬೇಕೆಂದರೆ ಇದರಲ್ಲಿ ಅಂಥ ಸ್ವಾರಸ್ಯ ಏನೂ ಇಲ್ಲ.

ಸ್ವಾರಸ್ಯ ಇರುವುದು ಮಹಾವೀರಾಚಾರ್ಯರ ಹಾರದಲ್ಲಿ. 12345654321ರಲ್ಲಿ ಐದು ಅವಿಭಾಜ್ಯಗಳು, ಪ್ರತಿಯೊಂದರ ಘಾತಸೂಚಿ 2. ಘಾತಸೂಚಿಗೆ ಒಂದು ಸೇರಿಸಿ ಗುಣಿಸಿದರೆ ಭಾಜಕಗಳ ಎಣಿಕೆ: 3⁵ = 243. ಪೂರ್ಣವರ್ಗಕ್ಕೆ ಮಾತ್ರ ಭಾಜಕಗಳ ಎಣಿಕೆ ಬೆಸ ಬರುತ್ತದೆ. ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ 1, ಅದು, ಅದರ ವರ್ಗ ಕೂಡಿಸಿ ಗುಣಿಸಿ: 13 × 57 × 133 × 183 × 1407 = 25375524993. ಇದರಿಂದ ಸಂಖ್ಯೆಯನ್ನೇ ಕಳೆದರೆ 13029870672. ಅದು ಮೂಲ ಸಂಖ್ಯೆಗಿಂತ ಜಾಸ್ತಿ! ಬೆಸ ಸಂಖ್ಯೆಗಳಲ್ಲಿ ಇದು ಅಪರೂಪ. ಹೀಗಾಗುವ ಅತಿ ಚಿಕ್ಕ ಬೆಸ ಸಂಖ್ಯೆ 945.

ಈಗ 37ನ್ನು ತೆಗೆದುಬಿಡಿ. ಉಳಿಯುವುದು 3² × 7² × 11² × 13² = 9018009. ಇದರ ಭಾಜಕಗಳ ಮೊತ್ತ 18035199. ಸಂಖ್ಯೆಯ ಎರಡರಷ್ಟು 18036018. ವ್ಯತ್ಯಾಸ ಬರೀ 819. ಎರಡೂ ಸಮ ಬಂದಿದ್ದರೆ ಇದು 6, 28ರ ಹಾಗೆ ಪರಿಪೂರ್ಣ ಸಂಖ್ಯೆ ಆಗುತ್ತಿತ್ತು. ಬೆಸ ಪರಿಪೂರ್ಣ ಸಂಖ್ಯೆ ಇಂದಿಗೂ ಯಾರಿಗೂ ಸಿಕ್ಕಿಲ್ಲ.

1638ರಲ್ಲಿ ರೆನೆ ದೆಕಾರ್ತ್ ಮುಟ್ಟಿದ್ದು ಇದೇ ಜಾಗವನ್ನು. 9018009ನ್ನು 22021ರಿಂದ ಗುಣಿಸಿದರೆ 198585576189. 22021 ಅವಿಭಾಜ್ಯ ಎಂದುಕೊಂಡು ಭಾಜಕಗಳ ಮೊತ್ತ ಲೆಕ್ಕ ಹಾಕಿದರೆ ಸರಿಯಾಗಿ ಎರಡರಷ್ಟು ಬರುತ್ತದೆ. ಯಾಕೆಂದರೆ 18035199 = 819 × 22021. 819ರ ಆ ಕೊರತೆಯನ್ನು 22021 ಕರಾರುವಾಕ್ಕಾಗಿ ತುಂಬುತ್ತದೆ. ಕಷ್ಟ ಏನೆಂದರೆ 22021 ಅವಿಭಾಜ್ಯವಲ್ಲ, ಅದು 19² × 61. ನೃಪತುಂಗನ ಕಾಲದ ಹಾರದಲ್ಲಿರುವ ನಾಲ್ಕು ಮಣಿಗಳೇ ದೆಕಾರ್ತ್ ಅವರ ಹುಸಿ ಪರಿಪೂರ್ಣ ಸಂಖ್ಯೆಯಲ್ಲೂ ಇವೆ. ಇಬ್ಬರ ನಡುವೆ ಸಂಬಂಧ ಏನೂ ಇಲ್ಲ. 1001 ಎಂಬ ಸಂಖ್ಯೆಗೆ ಎರಡೂ ಕಡೆ ಕೆಲಸ ಸಿಕ್ಕಿದೆ, ಅಷ್ಟೇ.

ಹಂತ 8: ಎರಡು ವರ್ಗಗಳ ಮೊತ್ತ

ಇದು ನನಗೆ ತುಂಬ ಇಷ್ಟದ ಹಂತ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. 641 = 25² + 4². 6700417 = 2556² + 409².

ಇವೆರಡನ್ನು ಜೋಡಿಸಲು ಬ್ರಹ್ಮಗುಪ್ತರು 628ರಲ್ಲೇ ಸೂತ್ರ ಕೊಟ್ಟಿದ್ದಾರೆ. ಓರೆಯಾಗಿ ಮತ್ತು ನೇರವಾಗಿ ಗುಣಿಸಿ ಕೂಡಬೇಕು, ಕಳೆಯಬೇಕು. 25 × 2556 = 63900. 4 × 409 = 1636. ಕೂಡಿದರೆ 65536, ಕಳೆದರೆ 62264. ಇನ್ನೊಂದು ಕಡೆ 25 × 409 = 10225, 4 × 2556 = 10224. ಕಳೆದರೆ 1, ಕೂಡಿದರೆ 20449. ಹಾಗಾಗಿ

4294967297 = 65536² + 1² = 62264² + 20449².

ಮೊದಲನೆಯದು ಹೇಗೂ ಗೊತ್ತಿತ್ತು, ಅದು 2³² + 1 ತಾನೇ. ಎರಡನೆಯದು ಹೊಸದು. ಇದನ್ನು ತಿರುಗಿಸಿಯೂ ಬಳಸಬಹುದು. ಎರಡು ರೀತಿ ಬರೆಯಲು ಬಂದರೆ ಆ ಸಂಖ್ಯೆ ಅವಿಭಾಜ್ಯವಲ್ಲ. ಅಪವರ್ತನವೂ ಅಲ್ಲೇ ಸಿಗುತ್ತದೆ. 65536 − 62264 = 3272. 20449 + 1 = 20450. ಇವೆರಡರ ಮ.ಸಾ.ಅ. 818. ಅದರಿಂದ ಭಾಗಿಸಿದರೆ 4 ಮತ್ತು 25. ವರ್ಗ ಮಾಡಿ ಕೂಡಿ: 16 + 625 = 641!

ಹಂತ 9: ದಶಮಾಂಶದ ಸುತ್ತು

ಅವಿಭಾಜ್ಯದ ವ್ಯುತ್ಕ್ರಮದಲ್ಲಿ ಅಂಕಿಗಳು ಎಷ್ಟು ಸ್ಥಾನಕ್ಕೊಮ್ಮೆ ಮರಳಿ ಬರುತ್ತವೆ? ಮೂರನೆಯ ಹಂತದಲ್ಲಿ 2ಕ್ಕೆ ಮಾಡಿದ್ದನ್ನು ಇಲ್ಲಿ 10ಕ್ಕೆ ಮಾಡಬೇಕು. 73 ತೆಗೆದುಕೊಳ್ಳಿ. ಅದು 11111111ನ್ನು ಭಾಗಿಸುತ್ತದೆ ಎಂದು ಮಹಾವೀರಾಚಾರ್ಯರ ಲೆಕ್ಕವೇ ಹೇಳುತ್ತದೆ. ಹಾಗಾಗಿ 1/73 = 0.01369863 01369863... ಎಂಟು ಅಂಕಿಗಳ ಸುತ್ತು.

641ಕ್ಕೆ 10ನ್ನು ವರ್ಗ ಮಾಡುತ್ತ ಹೋಗಿ. 10² = 100. 10⁴ರ ಶೇಷ 385. 10⁸ರ ಶೇಷ 154. ಈ 154 ಆಗಲೇ ಬಂದಿತ್ತಲ್ಲ! 2¹⁶ರ ಶೇಷವೂ ಇದೇ. 641 = 5⁴ + 2⁴ ಆಗಿರುವುದೇ ಇದಕ್ಕೆ ಕಾರಣ. ಹಾಗಾಗಿ 10¹⁶ರ ಶೇಷ −1, 10³²ರ ಶೇಷ 1. 1/641ರ ಸುತ್ತು 32 ಅಂಕಿ. ನಡುವೆ −1 ಬಂದಿರುವುದರಿಂದ ಮೊದಲ 16 ಅಂಕಿ ಮತ್ತು ನಂತರದ 16 ಅಂಕಿಗಳನ್ನು ಸ್ಥಾನಕ್ಕೆ ಸ್ಥಾನ ಕೂಡಿದರೆ ಎಲ್ಲ ಕಡೆ 9 ಬರುತ್ತದೆ. ಭಾಗಿಸಿ ನೋಡಿ.

ನೀವೇ ಮಾಡಿ ನೋಡಲು

137438953471 ತೆಗೆದುಕೊಳ್ಳಿ. ಒಂದು ಕೂಡಿಸಿದರೆ 2³⁷, ಹಾಗಾಗಿ ಇದು 2³⁷ − 1. 37 ಅವಿಭಾಜ್ಯ. ಇದನ್ನು ಭಾಗಿಸುವ ಅವಿಭಾಜ್ಯಕ್ಕೆ 2ರ ಸುತ್ತು 37 ಉದ್ದ ಇರಬೇಕು. ಅದು ಬೆಸ ಸಂಖ್ಯೆ ಕೂಡ, ಹಾಗಾಗಿ 74ರ ಗುಣಕಕ್ಕಿಂತ ಒಂದು ಜಾಸ್ತಿ. ಇನ್ನೊಂದು ಸುಳಿವು: ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 75 ಅವಿಭಾಜ್ಯವೇ ಅಲ್ಲ, 149ನ್ನು ಎರಡನೆಯ ಸುಳಿವು ತೆಗೆದುಹಾಕುತ್ತದೆ. ಮುಂದಿನದನ್ನು ಹಿಡಿದು ನಾಲ್ಕನೆಯ ಹಂತದ ಹಾಗೆ ವರ್ಗ ಮಾಡುತ್ತ ಹೋಗಿ. 2³², 2⁴, 2 ಈ ಮೂರರ ಶೇಷಗಳನ್ನು ಗುಣಿಸಿದರೆ 2³⁷ರ ಶೇಷ ಸಿಗುತ್ತದೆ.

ಅದು ಮುಗಿದ ಮೇಲೆ ಹನ್ನೊಂದು 1ಗಳ ಸಂಖ್ಯೆ: 11111111111. ಇಲ್ಲಿ ಅಪವರ್ತನಗಳು 22ರ ಗುಣಕಕ್ಕಿಂತ ಒಂದು ಜಾಸ್ತಿ. ಆದರೆ ಮೊದಲನೆಯದು ಸಿಗಲು 21649ರವರೆಗೆ ಹೋಗಬೇಕು. ಇದಕ್ಕೆ ಪೈಥಾನ್ ತೆರೆದುಕೊಳ್ಳಿ.